ಮಾವನ ಟಿಕೆಟ್ಟಿಗೆ ಮೂವರು ಮಾಲೀಕರು

ಮಂಗಳೂರಿನಿಂದ ಕಾಸರಗೋಡಿನ ಬಸ್ಸು ಹತ್ತಿದವರಿಗೆ ಗೊತ್ತು, ತಲಪಾಡಿ ಗಡಿ ದಾಟಿದ ಮೇಲೆ ಲಾಟರಿ ಅಂಗಡಿಗಳು ಕಾಣಿಸತೊಡಗುತ್ತವೆ. ಕರ್ನಾಟಕದಲ್ಲಿ ಲಾಟರಿ ಮಾರಾಟ ನಿಂತದ್ದು 2007ರಲ್ಲಿ. ಕೇರಳದಲ್ಲಿ 1967ರಿಂದ ಸರಕಾರವೇ ನಡೆಸುತ್ತಿದೆ. ಹಾಗಾಗಿ ಬದಿಯಡ್ಕದ ನನ್ನ ಮಾವನಿಗೆ ಲಾಟರಿ ಎಂದರೆ ಕದ್ದುಮುಚ್ಚಿ ಮಾಡುವ ಕೆಲಸವೇನೂ ಅಲ್ಲ. ಆಟೋ ಓಡಿಸುವ ಒಬ್ಬರು, ಪೇಟೆಯ ಟೈಲರ್ ಒಬ್ಬರು, ಮಾವ. ಮೂವರೂ ಸೇರಿ ವಾರಕ್ಕೆ ಮೂರು ಟಿಕೆಟ್ ತೆಗೆಯುತ್ತಿದ್ದರು. ತಲಾ 40 ರೂಪಾಯಿ. ಯಾವುದಕ್ಕೆ ಬಂದರೂ ಮೂವರದ್ದು ಎಂಬ ಬಾಯಿಮಾತು.

ಒಂದು ಗುರುವಾರ ಕಾರುಣ್ಯ ಪ್ಲಸ್‌ನ ಎರಡನೇ ಬಹುಮಾನ ಬಂತು. 10 ಲಕ್ಷ. ನಾನು ಮಂಗಳೂರಿನಲ್ಲಿ ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವುದರಿಂದ ಮಾವ ಮೊದಲು ಫೋನ್ ಮಾಡಿದ್ದು ನನಗೆ. "ಯಾರಿಗೂ ಹೇಳಬೇಡ, ಸುಮ್ನೆ ಬಾ" ಎಂದರು. ನಾನು ರಾತ್ರಿ ತಲುಪುವಷ್ಟರಲ್ಲಿ ಜಗಲಿ ತುಂಬಾ ಚಪ್ಪಲಿಗಳು. ಮಾವನ ಮಗ ಟಿಕೆಟ್ಟಿನ ಫೋಟೋ ತೆಗೆದು ಕುಟುಂಬದ ವಾಟ್ಸ್ಯಾಪ್ ಗುಂಪಿಗೆ ಹಾಕಿಯಾಗಿತ್ತು. ನಂಬರು, ಕ್ಯೂಆರ್ ಕೋಡ್ ಎಲ್ಲ ಸ್ಪಷ್ಟವಾಗಿ ಕಾಣುವಂತೆ! ಮೊದಲು ಅದನ್ನು ಅಳಿಸಿದೆವು. ಅತ್ತೆಗೆ ಬೇರೆಯೇ ಯೋಚನೆ. ಟಿಕೆಟ್ ಒದ್ದೆಯಾದರೆ ಕಷ್ಟ, ಬೆಳಿಗ್ಗೆ ಪೇಟೆಗೆ ಹೋಗಿ ಲ್ಯಾಮಿನೇಷನ್ ಮಾಡಿಸುವ ಎಂದರು. ಹಿಂಬದಿಗೆ ಸಹಿ ಹಾಕಬೇಕಾದ ಕಾಗದ ಅದು. ಲ್ಯಾಮಿನೇಷನ್ ಮಾಡಿಸಿದರೆ ಕಥೆ ಮುಗಿಯಿತು ಎಂದು ತಡೆದೆ.

ಲಾಟರಿ ಟಿಕೆಟ್ಟಿನ ಮೇಲೆ ಕೊಂಡವನ ಹೆಸರು ಇರುವುದಿಲ್ಲವಲ್ಲ. ಕೈಯಲ್ಲಿ ಇಟ್ಟುಕೊಂಡವನೇ ಮಾಲೀಕ. ಹೆಸರು, ವಿಳಾಸ ಬರೆದು ಸಹಿ ಹಾಕುವವರೆಗೂ ಕಳ್ಳ ಒಯ್ದರೆ ಕಳ್ಳನದ್ದು ಎಂದೇ ಲೆಕ್ಕ. ಆ ರಾತ್ರಿಯೇ ಸಹಿ ಹಾಕಿಸಬೇಕು ಎಂದು ನಾನು ಹಟ ಹಿಡಿದೆ. ಆದರೆ ಯಾರ ಸಹಿ?

ಇಲ್ಲಿ ಗಂಟು ಬಿತ್ತು. ಆ ವಾರ ಟೈಲರ್ ತನ್ನ 40 ರೂಪಾಯಿ ಕೊಟ್ಟಿರಲಿಲ್ಲ. ಚಿಲ್ಲರೆ ಇಲ್ಲ, ನಾಳೆ ಕೊಡುತ್ತೇನೆ ಎಂದಿದ್ದರಂತೆ. ಹಣ ಹಾಕಿದ್ದು ಆಟೋದವರು. "ದುಡ್ಡೇ ಕೊಡದವರಿಗೆ ಪಾಲು ಎಲ್ಲಿಂದ?" ಎಂದು ಆಟೋದವರ ಹೆಂಡತಿ ನೇರವಾಗಿಯೇ ಕೇಳಿದರು. ಟೈಲರ್ ತಲೆ ತಗ್ಗಿಸಿ ಕೂತಿದ್ದರು. ಮಾತು ನಿಂತೇ ಹೋಯಿತು. ನನಗೆ ಆಗ ನೆನಪಾದದ್ದು ಮಲಪ್ಪುರಂ ಜಿಲ್ಲೆಯ ಪರಪ್ಪನಂಗಾಡಿಯ ಹರಿತ ಕರ್ಮ ಸೇನೆಯ ಹೆಂಗಸರು. ಮನೆಮನೆಯಿಂದ ಕಸ ಸಂಗ್ರಹಿಸುವ 11 ಮಂದಿ. 2023ರಲ್ಲಿ 250 ರೂಪಾಯಿಯ ಮಾನ್ಸೂನ್ ಬಂಪರ್ ಟಿಕೆಟ್ ಕೊಂಡು 10 ಕೋಟಿ ಗೆದ್ದರು. ಒಂಬತ್ತು ಜನ ತಲಾ 25 ಹಾಕಿದ್ದರೆ, ಉಳಿದಿಬ್ಬರು ಹನ್ನೆರಡೂವರೆಯಂತೆ ಸೇರಿಸಿ ಒಂದು ಪಾಲು ಮಾಡಿದ್ದರು. ಅವರ ಲೆಕ್ಕ ಮೊದಲೇ ಸ್ಪಷ್ಟ ಇತ್ತು. ನಮ್ಮವರದ್ದು ಇಷ್ಟು ವರ್ಷದ ಬಾಯಿಮಾತು.

ತೀರ್ಮಾನ ಮಾಡಿದ್ದು ಮಾವ. "ಹೋದ ತಿಂಗಳು ನನ್ನ ದುಡ್ಡನ್ನು ಈ ಟೈಲರೇ ಹಾಕಿದ್ದ. ಆಗ ಬಹುಮಾನ ಬಂದಿದ್ದರೆ ನನಗೆ ಕೊಡುತ್ತಿರಲಿಲ್ಲವಾ?" ಎಂದರು. ಆಟೋದವರು ಹೂಂ ಎಂದರು. ಅವರ ಹೆಂಡತಿ ಏನೂ ಹೇಳಲಿಲ್ಲ, ಅದನ್ನೇ ಒಪ್ಪಿಗೆ ಎಂದುಕೊಂಡೆವು. ಟಿಕೆಟ್ಟಿನ ಹಿಂದಿದ್ದ ಚೂರು ಜಾಗದಲ್ಲಿ ಮೂವರೂ ಹೆಸರು ಬರೆದು ಸಹಿ ಹಾಕಿದರು. ಎರಡೂ ಬದಿಯ ಜೆರಾಕ್ಸ್ ಆಗುವವರೆಗೆ ಟಿಕೆಟ್ ಅತ್ತೆಯ ಕಪಾಟಿನಲ್ಲಿ, ಬೀಗದ ಕೈ ಅತ್ತೆಯ ಸೊಂಟದಲ್ಲಿ.

ಮಾರನೆಯ ದಿನ ಬೆಳಿಗ್ಗೆ ನಾವು ಕಾಸರಗೋಡಿಗೆ ಹೊರಡುವ ಮೊದಲೇ ಬಿಳಿ ಕಾರಿನಲ್ಲಿ ಒಬ್ಬರು ಬಂದರು. ತುಂಬಾ ಮರ್ಯಾದೆಯ ಮನುಷ್ಯ. ಕಾಫಿ ಕುಡಿದರು, ಅಡಿಕೆ ರೇಟು ಕೇಳಿದರು. ಆಮೇಲೆ ವಿಷಯ ತೆಗೆದರು. ಟಿಕೆಟ್ ತನಗೆ ಕೊಟ್ಟರೆ ಏಳೂವರೆ ಲಕ್ಷ, ನಗದು, ಈಗಲೇ. ಸಹಿ ಹಾಕಿದ್ದೇವೆ ಎಂದರೂ ಅವರಿಗೆ ಚಿಂತೆಯಿಲ್ಲ, ಅದಕ್ಕೆ ದಾರಿ ಇದೆಯಂತೆ.

10 ಲಕ್ಷದ ಟಿಕೆಟ್ಟಿಗೆ ಏಳೂವರೆ ಎಂದರೆ ಮೋಸ ಅನ್ನಿಸುತ್ತದೆ ಅಲ್ವಾ? ಲೆಕ್ಕ ಹಾಕಿ ನೋಡಿ. 10 ಲಕ್ಷದಲ್ಲಿ ಶೇ. 10 ಏಜೆಂಟರ ಕಮಿಷನ್, 1 ಲಕ್ಷ ಹೋಯಿತು. ಉಳಿದ 9 ಲಕ್ಷದ ಮೇಲೆ ಶೇ. 30 ತೆರಿಗೆ, 2 ಲಕ್ಷ 70 ಸಾವಿರ. ಕೈಗೆ ಬರುವುದು 6 ಲಕ್ಷ 30 ಸಾವಿರ. ಅಂದರೆ ಆತ ಸರಕಾರಕ್ಕಿಂತ ಜಾಸ್ತಿ ಕೊಡುತ್ತಿದ್ದ! ಯಾಕೆ ಕೊಡುತ್ತಾನೆ ಎಂದರೆ, ಅವನ ಕಪ್ಪುಹಣ ಲಾಟರಿ ಬಹುಮಾನ ಎಂಬ ಹೆಸರಲ್ಲಿ ಬ್ಯಾಂಕಿಗೆ ಬಿಳಿಯಾಗಿ ಬರುತ್ತದೆ. ಅವನಿಗೆ ಆ ವ್ಯತ್ಯಾಸ ಒಗೆತದ ಕೂಲಿ ಅಷ್ಟೇ.

ಆಟೋದವರ ಮುಖ ನೋಡಿದೆ. ಸಾಲ ಇರುವವರಿಗೆ ಆ ಲೆಕ್ಕ ಬೇಗ ಅರ್ಥ ಆಗುತ್ತದೆ. ಪಾಲಿಗೆ 2 ಲಕ್ಷ 10 ಸಾವಿರವೋ, ಎರಡೂವರೆ ಲಕ್ಷವೋ? ನಾನು ಒಳಗೆ ಕರೆದು ಒಂದೇ ವಿಷಯ ಹೇಳಿದೆ. ಒಂದು ವ್ಯವಹಾರದಲ್ಲಿ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಂಡರೆ, ತೆಗೆದುಕೊಂಡಷ್ಟೇ ಮೊತ್ತದ ದಂಡ ಹಾಕುವ ಅವಕಾಶ ಆದಾಯ ತೆರಿಗೆ ಕಾನೂನಿನಲ್ಲಿದೆ. ದಂಡ ಬೀಳುವುದು ಕೊಟ್ಟವನಿಗಲ್ಲ, ಪಡೆದವನಿಗೆ. ಮೇಲಿಂದ ಆ ಹಣ ಎಲ್ಲಿಯದ್ದು ಎಂದು ಪೊಲೀಸರು ಕೇಳಿದರೆ ಬಿಳಿ ಕಾರಿನವನು ಬರುವುದಿಲ್ಲ. ಆಟೋದವರು ಹೊರಗೆ ಹೋಗಿ ತಾವೇ "ಬೇಡ ಸ್ವಾಮಿ" ಎಂದರು. ಆತ ಬೇಸರ ಪಡಲಿಲ್ಲ. ಬೇರೆ ಮನೆಗಳೂ ಇರುತ್ತವಲ್ಲ.

ಕಾಸರಗೋಡಿನಲ್ಲಿ ಆದದ್ದೆಲ್ಲ ಕಾಗದದ ಕೆಲಸ. 1 ಲಕ್ಷಕ್ಕಿಂತ ದೊಡ್ಡ ಬಹುಮಾನ ಜಿಲ್ಲಾ ಕಚೇರಿಯಲ್ಲಿ ಸಿಗುವುದಿಲ್ಲ, ತಿರುವನಂತಪುರದ ಲಾಟರಿ ನಿರ್ದೇಶನಾಲಯಕ್ಕೇ ಹೋಗಬೇಕು. ಅದು ನಮ್ಮಿಂದ 500 ಕಿ.ಮೀ.ಗಿಂತ ಆಚೆ. ಬ್ಯಾಂಕಿನ ಮೂಲಕ ಕಳಿಸಬಹುದು ಎಂಬುದು ಪುಣ್ಯ. ಡ್ರಾ ಆದ 30 ದಿನದೊಳಗೆ ಸಲ್ಲಿಸಬೇಕು. ಅರ್ಜಿ, ಗುರುತಿನ ಚೀಟಿ, ಪ್ಯಾನ್, ದೃಢೀಕರಿಸಿದ ಫೋಟೋ, ರೆವೆನ್ಯೂ ಸ್ಟಾಂಪ್ ಅಂಟಿಸಿದ ರಸೀದಿ ಎಲ್ಲ ಸೇರಿಸಿದೆವು. ಟಿಕೆಟ್ ಬ್ಯಾಂಕಿಗೆ ಕೊಡುವಾಗ, ಅದರ ನಂಬರು ಬರೆದ ಸ್ವೀಕೃತಿ ಪತ್ರ ಸಿಗುವವರೆಗೆ ಟೈಲರ್ ಕೌಂಟರ್ ಬಿಟ್ಟು ಅಲುಗಲಿಲ್ಲ.

ನಾನು ಜಾಸ್ತಿ ಹೊತ್ತು ಕಳೆದದ್ದು ನೋಟರಿಯ ಹತ್ತಿರ. ಮಾವ ಒಬ್ಬರೇ ಹಣ ಪಡೆದು ಆಮೇಲೆ ಹಂಚುವುದು ಸುಲಭ ಎಂದು ಎಲ್ಲರೂ ಹೇಳುತ್ತಿದ್ದರು. ಸುಲಭ ಹೌದು, ಆದರೆ ಸಂಬಂಧಿಕರಲ್ಲದವರಿಂದ ವರ್ಷಕ್ಕೆ 50,000ಕ್ಕಿಂತ ಹೆಚ್ಚು ಹಣ ಉಡುಗೊರೆಯಾಗಿ ಬಂದರೆ ಅದೂ ಆದಾಯವೇ. ಒಮ್ಮೆ ತೆರಿಗೆ ಕಟ್ಟಿದ ಹಣಕ್ಕೆ ಇನ್ನೊಮ್ಮೆ ನೋಟಿಸು ಬರಬಹುದು. ಅದಕ್ಕೆ ಛಾಪಾ ಕಾಗದದಲ್ಲಿ ಬರೆಸಿದೆವು: ಟಿಕೆಟ್ ಮೂವರದ್ದು, ಪಾಲು ಸಮ, ತೆರಿಗೆ ಕಡಿತವೂ ಮೂವರ ಪ್ಯಾನ್ ಮೇಲೆ ಸಮನಾಗಿ ಆಗಬೇಕು.

ಇದರಿಂದ ಇನ್ನೊಂದು ಲಾಭ ಇತ್ತು, ಅದನ್ನು ನಾನು ಆಗ ಹೇಳಲಿಲ್ಲ. ಲಾಟರಿ ಆದಾಯಕ್ಕೆ ಮೂಲ ವಿನಾಯಿತಿ ಇಲ್ಲ, ವಿಮೆ, ಪಿಎಫ್ ತೋರಿಸಿ ಕಡಿಮೆ ಮಾಡುವಂತಿಲ್ಲ. ("ಇಷ್ಟು ವರ್ಷ ಕೊಂಡ ಟಿಕೆಟ್ಟಿನ ಖರ್ಚು ತೋರಿಸಬಹುದಾ?" ಎಂದು ಮಾವ ಕೇಳಿದರು. ಅದೂ ಇಲ್ಲ.) ಮೇಲಿಂದ ಆ ತೆರಿಗೆಯ ಮೇಲೆ ಶೇ. 4 ಸೆಸ್ ಎಂಬ ಹೆಚ್ಚುವರಿ ಕರ ಬೇರೆ. ಅದು ಬಹುಮಾನದಲ್ಲಿ ಕಡಿತವಾಗುವುದಿಲ್ಲ, ನಾವೇ ಕಟ್ಟಬೇಕು. ಒಬ್ಬರ ಹೆಸರಲ್ಲಾಗಿದ್ದರೆ 10,800 ರೂಪಾಯಿ ಬಾಕಿ ಬೀಳುತ್ತಿತ್ತು. ಮೂರಾದ್ದರಿಂದ ಒಬ್ಬೊಬ್ಬರ ಒಟ್ಟು ಆದಾಯ 5 ಲಕ್ಷದೊಳಗೆ ಉಳಿಯಿತು. ಹಳೆಯ ತೆರಿಗೆ ಪದ್ಧತಿಯಲ್ಲಿ ಅಂಥವರಿಗೆ 12,500ರ ರಿಯಾಯಿತಿ ಇದೆ. ತೆರಿಗೆ 90,000ದಿಂದ 77,500ಕ್ಕೆ ಇಳಿಯಿತು. ಸೆಸ್ ಸೇರಿ 80,600. ಕಡಿತ ಆಗಿದ್ದು 90,000. ಬಾಕಿ ಕಟ್ಟುವ ಬದಲು ತಲಾ 9,400 ವಾಪಸ್ಸು!

ದೊಡ್ಡ ಬಹುಮಾನದವರಿಗೆ ಈ ಲೆಕ್ಕ ಉಲ್ಟಾ ಹೊಡೆಯುತ್ತದೆ. 25 ಕೋಟಿಯ ಓಣಂ ಬಂಪರಿನಲ್ಲಿ ಕಮಿಷನ್, ತೆರಿಗೆ ಕಳೆದು ಖಾತೆಗೆ 15 ಕೋಟಿ 75 ಲಕ್ಷ ಬರುತ್ತದೆ ಎಂದು ಪತ್ರಿಕೆಗಳು ಬರೆಯುತ್ತವೆ. ದೊಡ್ಡ ಆದಾಯದ ತೆರಿಗೆಯ ಮೇಲೆ ಬೀಳುವ ಸರ್‌ಚಾರ್ಜ್, ಸೆಸ್ ಅಂತ ಅದರಲ್ಲಿ ಇನ್ನೂ ಎರಡು ಕೋಟಿಗೂ ಜಾಸ್ತಿ ಆಮೇಲೆ ಕಟ್ಟಬೇಕು ಎಂಬುದು ತುಂಬಾ ಜನರಿಗೆ ಗೊತ್ತಾಗುವುದು ತಡವಾಗಿ. 2024ರಲ್ಲಿ ಆ ಬಂಪರ್ ಪಾಂಡವಪುರದ ಮೆಕ್ಯಾನಿಕ್ ಒಬ್ಬರಿಗೆ ಬಂದಾಗ ನಮ್ಮ ಆಫೀಸಿನಲ್ಲಿ ಟೀ ಹೊತ್ತಿಗೆಲ್ಲ ಅದೇ ಚರ್ಚೆ. ಮನೆ, ಕಾರು ತೆಗೆಯುವ ಮೊದಲು ಆ ಹಣ ಬದಿಗಿಟ್ಟಿರಲಿ ಎಂದು ನಮ್ಮ ಆಡಿಟರು ಗೊಣಗುತ್ತಿದ್ದರು.

ಹಣ ಬಂತು. ಅಷ್ಟರೊಳಗೆ ಮಾವನ ಮನೆಗೆ ದೇವಸ್ಥಾನದ ಜೀರ್ಣೋದ್ಧಾರದ ರಸೀದಿ ಪುಸ್ತಕ, ಚಿಟ್ ಫಂಡಿನವರು, ಎಂದೂ ಕಾಣದ ದಾಯಾದಿಗಳು ಎಲ್ಲ ಬಂದು ಹೋಗಿದ್ದರು. ಮಾವ ಎಲ್ಲರಿಗೂ ಒಂದೇ ಉತ್ತರ ಕೊಟ್ಟರು: "ದುಡ್ಡು ಎಫ್‌ಡಿಯಲ್ಲಿದೆ, ವರ್ಷ ಕಳೆಯಲಿ." ಅರ್ಧ ನಿಜ. ಅತ್ತೆಯ ಅಡವಿಟ್ಟ ಚಿನ್ನ ಮೊದಲು ಬಿಡಿಸಿಕೊಂಡಿದ್ದರು. ಆಟೋದವರು ಸಾಲ ತೀರಿಸಿದರು.

ರಿಟರ್ನ್ ನಾನೇ ಹಾಕಿದೆ. ಸಂಬಳದವರ ಸಹಜ್ ಫಾರಂ ಲಾಟರಿ ಆದಾಯಕ್ಕೆ ನಡೆಯುವುದಿಲ್ಲ. ಮಾವನಿಗೂ ಆಟೋದವರಿಗೂ 9,400 ಬಂತು. ಟೈಲರಿಗೆ ಬಂದಿಲ್ಲ. ಪ್ಯಾನ್‌ನಲ್ಲಿ ಇರುವ ಹೆಸರು ಬ್ಯಾಂಕ್ ಖಾತೆಯ ಹೆಸರಿಗೆ ಹೊಂದುತ್ತಿಲ್ಲ, ಇನಿಶಿಯಲ್ ಒಂದು ಹಿಂದೆ ಮುಂದೆ ಆಗಿದೆ. ಆಟೋದವರ ಹೆಂಡತಿ ಸಿಕ್ಕಿದಾಗೆಲ್ಲ "ಅವರದ್ದು ಬಂತಾ?" ಎಂದು ಕೇಳುತ್ತಾರೆ. ಪಾಪ ಕಾಳಜಿಯೋ, ಇನ್ನೂ ಆ 40 ರೂಪಾಯಿಯ ಸಿಟ್ಟೋ ಗೊತ್ತಾಗುವುದಿಲ್ಲ. ಬರುವ ವಾರ ಟೈಲರನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಬೇಕು.