ಮುರಕಲ್ಲಿನ ಹಿತ್ತಿಲಿನಲ್ಲಿ ಪುನರ್ಪುಳಿ: ಎರಡನೆಯ ಪ್ರಯತ್ನದ ದಿನಚರಿ

ಮೇ 4

ಉಡುಪಿ ಬಳಿಯ ಪರ್ಕಳದ ನಮ್ಮ ಮನೆಯ ಹಿತ್ತಿಲಿನಲ್ಲಿ ಕಳೆದ ಮಳೆಗಾಲದ ಆರಂಭಕ್ಕೆ ನೆಟ್ಟಿದ್ದ ಪುನರ್ಪುಳಿಯ (ಮುರುಗಲು, ಕೋಕಂ) ಕಸಿ ಗಿಡ ತುಳುವರ ಆಟಿ ತಿಂಗಳು (ಜುಲೈ-ಆಗಸ್ಟ್) ಮುಗಿಯುವುದರೊಳಗೆ ಸತ್ತುಹೋಗಿತ್ತು. ಎಲೆಗಳು ಹಳದಿಯಾಗತೊಡಗಿದಾಗ ಪೋಷಣೆ ಸಾಲದೆಂದು ಎಣಿಸಿ ಬುಡಕ್ಕೆ ಇನ್ನೊಂದು ಬುಟ್ಟಿ ಹಟ್ಟಿಗೊಬ್ಬರ ಸುರಿದಿದ್ದೆ. ಗಿಡವನ್ನು ಕಿತ್ತು ನೋಡಿದ ದಿನ ಬೇರಿನ ಸಿಪ್ಪೆ ಒದ್ದೆ ಕಾಗದದಂತೆ ಬೆರಳಿಗೆ ಸುಲಿದು ಬಂತು. ತಳದಿಂದ ಕೊಳೆತ ವಾಸನೆ ಎದ್ದಿತು. ಗಿಡ ನಿಂತಿದ್ದ ಜಾಗದಲ್ಲಿ ನೋಡುನೋಡುತ್ತಿದ್ದಂತೆಯೇ ನೀರು ಒಸರಿ ತುಂಬಿಕೊಂಡಿತು. ಆದ್ದರಿಂದ ಈ ಬಾರಿ ಗಿಡ ತರುವ ಮೊದಲು ಗುಂಡಿಯ ವಿಚಾರವನ್ನು ಮುಗಿಸಿಕೊಳ್ಳಬೇಕೆಂದಿದ್ದೇನೆ.

ನಮ್ಮದು ಮುರಕಲ್ಲಿನ ಪದವು, ಎಂದರೆ ಗುಡ್ಡದ ಮೇಲಿನ ಬಯಲು. ಮೇಲೆ ಅರ್ಧ ಅಡಿಯಷ್ಟು ಕೆಂಪು ಮಣ್ಣು, ಅದರ ಕೆಳಗೆ ಪಿಕ್ಕಾಸು ಬಿದ್ದರೆ ಠಣ್ಣೆನ್ನುವ ಕಲ್ಲು. ಕಡಿಯುವಾಗ ಮೆತ್ತಗಿದ್ದು, ಗಾಳಿ ಬಿಸಿಲು ತಾಗಿದಂತೆ ಗಟ್ಟಿಯಾಗುವ ಗುಣದಿಂದಲೇ ಇದು ಕರಾವಳಿಯ ಮನೆಗಳ ಗೋಡೆಯಾಯಿತು. 1807ರಲ್ಲಿ ಸ್ಕಾಟ್ಲೆಂಡಿನ ವೈದ್ಯ, ಸರ್ವೇಕ್ಷಕ ಫ್ರಾನ್ಸಿಸ್ ಬುಕಾನನ್ ಇದನ್ನು ಲ್ಯಾಟರೈಟ್ ಎಂದು ಕರೆದಾಗಲೂ ಆ ಹೆಸರನ್ನು ಲ್ಯಾಟಿನ್ ಭಾಷೆಯ ಇಟ್ಟಿಗೆ ಎಂಬ ಪದದಿಂದಲೇ ತೆಗೆದುಕೊಂಡಿದ್ದ. ಗಿಡ ನೆಡುವವನಿಗೆ ಮಾತ್ರ ಈ ಕಲ್ಲು ಸುಲಭದ್ದಲ್ಲ. ಕಲ್ಲಿನ ಮೈಯಲ್ಲಿ ತೂತುಗಳಿದ್ದರೂ ತೋಡುವಾಗ ಏಳುವ ನಯವಾದ ಹುಡಿ ಅವುಗಳ ಬಾಯಿಗೆ ಮೆತ್ತಿಕೊಳ್ಳುತ್ತದೆ. ಅಂಥ ಗುಂಡಿಗೆ ಸಡಿಲವಾದ ಮಣ್ಣನ್ನು ತುಂಬಿದರೆ ಸುತ್ತಲಿನ ಅಂಗಳದ ನೀರೆಲ್ಲ ಅದರೊಳಗೆ ಇಳಿದು, ಹೊರಹೋಗುವ ದಾರಿ ಕಾಣದೆ ಅಲ್ಲೇ ನಿಲ್ಲುತ್ತದೆ. ಕಳೆದ ವರ್ಷ ನಾನು ಅರಿಯದೆಯೇ ಒಂದು ಕಲ್ಲುಮರಿಗೆಯನ್ನು ಕಡಿದು ಅದರೊಳಗೆ ಗಿಡವಿಟ್ಟಿದ್ದೆ.

ಮೇ 11

ಮನೆಯ ಅಡಿಪಾಯದಿಂದ 15 ಅಡಿ, ಬಾವಿಕಟ್ಟೆಯಿಂದ 20 ಅಡಿಗೂ ಹೆಚ್ಚು ದೂರದಲ್ಲಿ ಹೊಸ ಜಾಗ ಗುರುತಿಸಿ, ಉದ್ದ, ಅಗಲ, ಆಳ ಮೂರೂ 2 ಅಡಿ ಇರುವಂತೆ ಗುಂಡಿ ತೋಡಿಸಿದೆ. ತೋಡಲು ಬಂದವರಿಗೆ ಒಂದೂವರೆ ದಿನ ಹಿಡಿಯಿತು. ಇಂದು ಬೆಳಿಗ್ಗೆ ಏಳಕ್ಕೆ ಅದರಲ್ಲಿ 1 ಅಡಿ ನೀರು ನಿಲ್ಲಿಸಿದೆ. ಅದಕ್ಕೆ 15 ಲೀಟರಿನ ಬಕೆಟ್ಟಿನಲ್ಲಿ ಸುಮಾರು 8 ಬಕೆಟ್ ನೀರು ಬೇಕಾಯಿತು. ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ ನೀರಿನ ಮಟ್ಟಕ್ಕೆ ಸುಣ್ಣದ ಗೆರೆ ಎಳೆದಿದ್ದೆ. ಸಂಜೆ ಏಳಕ್ಕೆ ನೋಡುವಾಗ ನೀರು ಗೆರೆಯಿಂದ 2 ಇಂಚು ಮಾತ್ರ ಕೆಳಗಿಳಿದಿತ್ತು, ಅದೂ ಮೇ ತಿಂಗಳ ಬಿಸಿಲಿನಲ್ಲಿ. ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ, ಅದರ ಬಹುಪಾಲನ್ನು ನಾಲ್ಕೇ ತಿಂಗಳಲ್ಲಿ ಸುರಿಸಿಕೊಳ್ಳುವ ಈ ಊರಿನಲ್ಲಿ ಈ ಗುಂಡಿಯ ಗತಿ ಏನೆಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಮೇ 18

ಅಡಿಕೆ ತೋಟದವರು ಮಾಡುವುದನ್ನೇ ಮಾಡಿದ್ದೇವೆ, ಅಂದರೆ ನೀರು ಹರಿದುಹೋಗಲು ಕಣಿ ತೆಗೆದಿದ್ದೇವೆ. ನಮ್ಮ ಹಿತ್ತಿಲು ಪೂರ್ವಕ್ಕೆ ಇಳಿಜಾರಾಗಿದ್ದು, ಅಲ್ಲಿ ಮೂರಡಿ ಕೆಳಗೆ ಇನ್ನೊಂದು ತಟ್ಟು ಇದೆ. ಗುಂಡಿಯ ತಳದಿಂದ ಆ ತಟ್ಟಿನವರೆಗೆ 7 ಅಡಿ ಉದ್ದದ, ಒಂದು ಗೇಣು ಅಗಲದ ಕಣಿಯನ್ನು ಸ್ವಲ್ಪ ಇಳಿವು ಕೊಟ್ಟು ಕಡಿಸಿ, ಅದರಲ್ಲಿ ತೋಡುವಾಗ ಬಂದ ಮುರಕಲ್ಲಿನ ಚೂರುಗಳನ್ನೇ ತುಂಬಿಸಿ, ಮೇಲೆ ತೆಂಗಿನ ಸಿಪ್ಪೆಯನ್ನು ಕವುಚಿ ಹಾಸಿ ಮಣ್ಣು ಮುಚ್ಚಿದೆವು. ಗುಂಡಿಯ ಗೋಡೆಗಳನ್ನೂ ಪಿಕ್ಕಾಸಿನ ಮೊನೆಯಿಂದ ಅಲ್ಲಲ್ಲಿ ಕೆತ್ತಿ ಒರಟು ಮಾಡಿಸಿದೆ. ಮತ್ತೆ ಒಂದಡಿ ನೀರು ನಿಲ್ಲಿಸಲು ಹೋದರೆ ಆರನೆಯ ಬಕೆಟ್ ಸುರಿಯುವಷ್ಟರಲ್ಲೇ ಕೆಳಗಿನ ತಟ್ಟಿನ ಬದಿಯಲ್ಲಿ ಕೆಂಪು ನೀರು ಜಿನುಗತೊಡಗಿತು. ಅರ್ಧ ಗಂಟೆಯಲ್ಲಿ ಗುಂಡಿ ಖಾಲಿಯಾಯಿತು. ಕೂಲಿಯ ಲೆಕ್ಕ ನೋಡಿದರೆ ಗಿಡದ ಬೆಲೆಯ ಹತ್ತು ಪಾಲಿಗಿಂತ ಹೆಚ್ಚು. ಮನೆಯಲ್ಲಿ ಈ ವಿಷಯ ಇನ್ನೂ ಪೂರ್ತಿ ತಿಳಿದಿಲ್ಲ.

ಮೇ 25

ನಿನ್ನೆ ಪತ್ತನಾಜೆ, ಅಂದರೆ ತುಳುವರ ಬೇಶ ತಿಂಗಳ ಹತ್ತನೆಯ ದಿನ. ಅಂದು ಹತ್ತು ಹನಿಯಾದರೂ ಮಳೆ ಬೀಳಬೇಕೆಂಬ ಮಾತಿದೆ, ಬಿತ್ತು ಕೂಡ. ಇಂದು ಗಿಡ ತಂದೆ.

ಪುನರ್ಪುಳಿಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದಿಂದ ಎದ್ದ ಗಿಡ ಯಾವುದೆಂದು ಅದು ಹೂ ಬಿಡುವವರೆಗೆ ತಿಳಿಯುವಂತಿಲ್ಲ, ಹೂ ಬಿಡಲು ಏಳೆಂಟು ವರ್ಷ ಬೇಕು, ಅಷ್ಟು ಕಾದ ಮೇಲೆ ಅರ್ಧಕ್ಕರ್ಧ ಗಿಡಗಳು ಗಂಡಾಗಿರುತ್ತವೆ. ಹೆಣ್ಣು ಮರದ ಕುಡಿಯಿಂದ ಕಸಿ ಕಟ್ಟಿದ ಗಿಡಕ್ಕೆ ಹೋಗುವುದು ಇದಕ್ಕಾಗಿ. ಮಹಾರಾಷ್ಟ್ರದ ದಾಪೋಲಿಯ ಕೃಷಿ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದ ಕೊಂಕಣ ಅಮೃತ, ಕೊಂಕಣ ಹಾತೀಸ್ ತಳಿಗಳನ್ನು ಬೆಳೆಸುವುದೂ ಕಸಿಯಿಂದಲೇ. ಆದರೆ ಕಸಿಯಲ್ಲೂ ಒಂದು ಸೂಕ್ಷ್ಮವಿದೆ. ಕುಡಿಯನ್ನು ನೆಟ್ಟಗೆ ಏಳುವ ಚಿಗುರಿನಿಂದ ತೆಗೆದಿದ್ದರೆ ಗಿಡ ಮರದ ಆಕಾರಕ್ಕೆ ಬರುತ್ತದೆ, ಅಡ್ಡ ರೆಂಬೆಯಿಂದ ತೆಗೆದಿದ್ದರೆ ಪೊದೆಯಂತೆ ಮಗ್ಗುಲಿಗೆ ಹರಡುತ್ತದೆ. ನರ್ಸರಿಯಲ್ಲಿದ್ದ ಒಂಬತ್ತು ಗಿಡಗಳಲ್ಲಿ ತುದಿ ನೆಟ್ಟಗಿದ್ದದ್ದು ಎರಡೇ. ಮಾರುವವರು ಎಲೆ ದಟ್ಟವಾಗಿದ್ದ, ಮಗ್ಗುಲಿಗೆ ವಾಲಿದ ಗಿಡವೊಂದನ್ನು ಒತ್ತಾಯದಿಂದ ಕೈಗಿಡಲು ನೋಡಿದರು. ನಾನು ಎರಡಡಿ ಎತ್ತರದ, ಸಪೂರವಾದ, ನೆಟ್ಟಗಿನ ಗಿಡವನ್ನೇ ತೆಗೆದುಕೊಂಡೆ. ಗಂಡು ಮರದ ಚಿಂತೆ ನನಗಿಲ್ಲ. ಪಕ್ಕದ ಗುಡ್ಡದಲ್ಲಿ, ಕಾಯಿ ಬಿಡದ್ದಕ್ಕೆ ಎಲ್ಲರೂ ಬಯ್ಯುವ ಒಂದು ಹಳೆಯ ಮರವಿದೆ.

ಜೂನ್ 9

ಮಳೆ ಹಿಡಿದು ನಾಲ್ಕು ದಿನವಾಯಿತು, ಮಣ್ಣು ತಣಿದಿದೆ. ಬೆಳಿಗ್ಗೆ ಹೊಳವಾದ ಹೊತ್ತಿನಲ್ಲಿ ನೆಟ್ಟೆ.

ಕುಂಡವನ್ನು ಮಗ್ಗುಲಾಗಿ ಉರುಳಿಸಿ, ಬದಿಗಳನ್ನು ಅಂಗೈಯಿಂದ ತಟ್ಟಿ ಗಿಡವನ್ನು ಹೊರತೆಗೆದಾಗ ಮಣ್ಣು ಕಾಣಲೇ ಇಲ್ಲ, ಕುಂಡದ ಆಕಾರದ ಬೇರಿನ ಸಿಂಬೆಯೊಂದು ಹೊರಬಂತು. ಕಿರುಬೆರಳ ದಪ್ಪದ ಬೇರು ತಳದಲ್ಲಿ ಮೂರು ಸುತ್ತು ಸುತ್ತಿಕೊಂಡಿತ್ತು. ಇದನ್ನು ಹಾಗೆಯೇ ಹೂತರೆ ಬೇರು ನೆಲದೊಳಗೂ ಕುಂಡದಲ್ಲಿರುವಂತೆ ಸುತ್ತುತ್ತಲೇ ಹೋಗಿ, ದಪ್ಪವಾದಾಗ ತನ್ನ ಬುಡವನ್ನು ತಾನೇ ಬಿಗಿಯುತ್ತದೆ. ಚೂರಿಯಿಂದ ನಾಲ್ಕು ಬದಿಗಳಲ್ಲಿ ಮೇಲಿನಿಂದ ಕೆಳಕ್ಕೆ ಅರ್ಧ ಇಂಚು ಆಳಕ್ಕೆ ಸೀಳಿ, ತಳದ ಸುತ್ತುಗಳನ್ನು ಕತ್ತರಿಸಿ, ಉಳಿದ ಬೇರುಗಳನ್ನು ಬೆರಳಿನಿಂದ ಬಿಡಿಸಿ ಹೊರಕ್ಕೆ ಹರಡಿದೆ. ಕೈ ನಡುಗಿದ್ದು ನಿಜ. ಕಸಿ ಕಟ್ಟಿದ ಪ್ಲಾಸ್ಟಿಕ್ ಪಟ್ಟಿಯೂ ಹಾಗೇ ಉಳಿದಿತ್ತು. ಬ್ಲೇಡಿನಿಂದ ಅದನ್ನು ಸೀಳಿ ತೆಗೆದಾಗ ಒಳಗೆ ಕಾಂಡ ಉಡಿದಾರ ಬಿಗಿದ ಮಗುವಿನ ಸೊಂಟದಂತೆ ಒಳಕ್ಕೆ ಒತ್ತಿಕೊಂಡಿತ್ತು.

ಗುಂಡಿಗೆ ಈ ಸಲ ಗೊಬ್ಬರ ತುಂಬಿಸಲಿಲ್ಲ. ಕಳೆದ ವರ್ಷ ಅರ್ಧ ಗುಂಡಿ ತುಂಬಿಸಿದ್ದ ಅರೆಕೊಳೆತ ಗೊಬ್ಬರ ಮಳೆಗೆ ಕುಸಿದು, ಗಿಡವೂ ಅದರೊಂದಿಗೆ ನಾಲ್ಕು ಇಂಚು ಇಳಿದು, ಕಸಿಯ ಗಂಟೇ ಮಣ್ಣಿನಡಿಗೆ ಹೋಗಿತ್ತು. ತೋಡಿದ ಮಣ್ಣಿಗೆ ಸುಡುಮಣ್ಣು ಮತ್ತು ಎರಡು ಬುಟ್ಟಿ ಚೆನ್ನಾಗಿ ಕಳಿತ ಗೊಬ್ಬರವನ್ನಷ್ಟೇ ಬೆರೆಸಿ, ಪದರ ಪದರವಾಗಿ ತುಳಿದು ತುಂಬಿಸಿ, ನೆಲದಿಂದ ಒಂದಡಿ ಎತ್ತರದ ದಿಬ್ಬ ಮಾಡಿ, ಅದರ ನೆತ್ತಿಯಲ್ಲಿ ಗಿಡವನ್ನು ಕೂರಿಸಿದೆ. ಕಸಿಯ ಗಂಟು ಮಣ್ಣಿನಿಂದ ಒಂದು ಗೇಣು ಮೇಲಿದೆ.

ಜುಲೈ 21

ಆಟಿ ಹುಟ್ಟಿ ಐದು ದಿನ. ನಿನ್ನೆ ರಾತ್ರಿಯಿಡೀ ಸುರಿದ ಮಳೆಗೆ ಅಂಗಳದಲ್ಲಿ ಹರಿಯುವ ನೀರು ದಿಬ್ಬವನ್ನು ಬಳಸಿಕೊಂಡು ಹೋಗಿದೆ, ಕಣಿಯ ಬಾಯಿಯಲ್ಲಿ ಬೆರಳ ದಪ್ಪದ ನೀರು ಬೀಳುತ್ತಿದೆ. ನೀರು ಈಗ ಕೆಂಪಗಿಲ್ಲ, ತಿಳಿಯಾಗಿದೆ. ಎಂದರೆ ಮಣ್ಣು ಕೊಚ್ಚಿಹೋಗುತ್ತಿಲ್ಲ. ಗಿಡ ಒಂದಿಂಚೂ ಬೆಳೆದಿಲ್ಲ, ಆದರೆ ಒಂದೆಲೆಯೂ ಹಳದಿಯಾಗಿಲ್ಲ.

ಆಗಸ್ಟ್ 30

ಕಸಿಗಂಟಿನ ಕೆಳಗಿನಿಂದ ಒಂದು ಚಿಗುರು ಭರದಿಂದ ಎದ್ದಿತ್ತು. ಮನೆಯವರಿಗೆ ಸಂತೋಷವೋ ಸಂತೋಷ. ಅದು ಬುಡದ ಕಾಡು ಗಿಡದ ಚಿಗುರೆಂದೂ, ಅದನ್ನು ಬಿಟ್ಟರೆ ಮೇಲಿನ ಹೆಣ್ಣು ಕುಡಿಯ ಪಾಲನ್ನೆಲ್ಲ ಅದೇ ತಿನ್ನುತ್ತದೆಂದೂ ವಿವರಿಸಿ ಚಿವುಟಿ ಹಾಕಿದೆ. ಎರಡು ವಾರದಲ್ಲಿ ಅಲ್ಲೇ ಇನ್ನೆರಡು ಬಂದವು, ಅವನ್ನೂ ತೆಗೆದೆ.

ನವೆಂಬರ್ 16

ಮಳೆ ಬಿಟ್ಟ ಮೇಲೆ ತರಗೆಲೆ ಹೊದೆಸಿದ್ದೆ, ಒಂದೇ ವಾರದಲ್ಲಿ ಗೆದ್ದಲು ಬಂತು. ಕಾಂಡದ ಮೇಲೆ ಎರಡಿಂಚು ಎತ್ತರಕ್ಕೆ ಮಣ್ಣಿನ ಸುರಂಗ ಕಟ್ಟಿದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ ನೋಡಿದೆ, ಸಿಪ್ಪೆಗೆ ಏನೂ ಆಗಿರಲಿಲ್ಲ. ತರಗೆಲೆಯನ್ನು ಬುಡದಿಂದ ಒಂದು ಗೇಣು ದೂರಕ್ಕೆ ಸರಿಸಿ, ನಡುವೆ ಬೇವಿನ ಹಿಂಡಿ ಉದುರಿಸಿದೆ.

ಫೆಬ್ರವರಿ 22

ತುದಿಯಲ್ಲಿ ಆರು ಹೊಸ ಎಲೆಗಳು ಬಂದಿವೆ, ಪುನರ್ಪುಳಿಯ ಸಾರಿನದೇ ಬಣ್ಣ. ಬೆಳಕಿಗೆ ಹಿಡಿದರೆ ನರಗಳು ಮಾತ್ರ ಹಸಿರಾಗಿ ಕಾಣುತ್ತವೆ. ಪಡುವಣ ಆವರಣಗೋಡೆ ಮಧ್ಯಾಹ್ನದ ಕಾವನ್ನು ಸಂಜೆಯವರೆಗೂ ಉಗುಳುವುದರಿಂದ ಆ ಬದಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟಿದ್ದೇನೆ. ಒಂದಡಿ ದೂರದಲ್ಲಿ ಹಳೆಯ ಮಣ್ಣಿನ ಕೊಡವೊಂದನ್ನು ಕುತ್ತಿಗೆಯವರೆಗೆ ಹೂತು ನೀರು ತುಂಬಿಸಿ ಮುಚ್ಚಳ ಇಟ್ಟಿದ್ದೇನೆ. ಅದು ಮೈಯಿಂದ ಒಸರಿ ಖಾಲಿಯಾಗಲು ಮೂರು ದಿನ ಬೇಕು. ಗಿಡದ ಎತ್ತರ ಈಗ 2 ಅಡಿ 7 ಇಂಚು. ಕೂಲಿಯ ಲೆಕ್ಕ ಮನೆಯಲ್ಲಿ ತಿಳಿದಿದೆ.