ನಾಟಕವೇ ಇಲ್ಲದ ನಾಟಕದ ಹಾಡು

ನಾನಿರುವುದು ಪರದೇಶದಲ್ಲಿ. ಇಲ್ಲಿ ನಮ್ಮ ಪಕ್ಕದ ಮನೆಯ ಯಜಮಾನರದು ತೂಕದ ಮಾತು. ಬೇಲಿಯಾಚೆ ನಿಂತು ಮಳೆಯ ಬಗ್ಗೆ ಎರಡು ಮಾತು, ಯಾವ ಕಸದ ಡಬ್ಬಿ ಈ ವಾರ ಹೊರಗಿಡಬೇಕು ಅಂತ ಒಂದು ಮಾತು, ಅಷ್ಟೇ. ಮೊನ್ನೆ ಅವರಿಗೆ ಎಪ್ಪತ್ತು ತುಂಬಿತು. ಮಕ್ಕಳು ಸೇರಿ ಕರೋಕೆ ಇಟ್ಟಿದ್ದರು. ನಮ್ಮನ್ನೂ ಕರೆದಿದ್ದರು.

ಈ ಮನುಷ್ಯ ಮೈಕ್ ಹಿಡಿದು 'ಟೋಟಲ್ ಎಕ್ಲಿಪ್ಸ್ ಆಫ್ ದ ಹಾರ್ಟ್' ಹಾಡಿದರು. 1983ರಲ್ಲಿ ಬೊನಿ ಟೈಲರ್ ಹಾಡಿದ್ದು. ಶುರುವಾಗುವಾಗ ಬರೀ ಪಿಸುಮಾತು. ಆಮೇಲೆ ದನಿ ಏರುತ್ತಾ ಹೋಯಿತು. ನಡುನಡುವೆ 'ತಿರುಗಿ ನೋಡು' ಅಂತ ಒಂದು ಗಂಡು ದನಿ ಕರೆಯುತ್ತಲ್ಲ, ಆ ಭಾಗ ಅವರ ಹೆಂಡತಿಯ ಪಾಲು. ಕೊನೆಗೆ ಯಜಮಾನರು ಕಣ್ಣು ಮುಚ್ಚಿ, ಒಂದು ಕೈ ಚಾಚಿ, ಕಾರ್ಪೆಟ್ ಮೇಲೆ ಮಂಡಿಯೂರಿಬಿಟ್ಟರು. ಯಾರೂ ನಗಲಿಲ್ಲ. ಇಡೀ ಕೋಣೆ ಜೊತೆಗೆ ಹಾಡುತ್ತಿತ್ತು.

ಬೆವರು ಒರೆಸಿಕೊಳ್ಳುತ್ತಾ ಬಂದು ನನ್ನ ಪಕ್ಕ ಕೂತರು. ಮೈಕ್ ನನ್ನ ಕೈಗಿಟ್ಟು, "ಮುಂದಿನದು ನಿಮ್ಮದೇ. ನಿಮಗೇನು ಕಷ್ಟ, ನಿಮ್ಮ ದೇಶದಲ್ಲಿ ಎಲ್ಲ ಹಾಡೂ ನಾಟಕದ ಹಾಡೇ ಅಲ್ವಾ?" ಅಂದರು.

ನಕ್ಕುಬಿಟ್ಟೆ. ಆದರೆ ಮಾತು ಸ್ವಲ್ಪ ಚುಚ್ಚಿತು. ಮರದ ಸುತ್ತ ಕುಣಿಯುವ ಜೋಡಿ, ಹಿಂದೆ ಐವತ್ತು ಜನ ಡ್ಯಾನ್ಸರು, ಇಲ್ಲಿನವರು ನಮ್ಮ ಸಿನಿಮಾ ಬಗ್ಗೆ ಮಾಡುವ ಅದೇ ಹಳೆ ತಮಾಷೆ ಅಂದುಕೊಂಡೆ. ಅವರ ಮುಖ ನೋಡಿದರೆ ತಮಾಷೆ ಇರಲಿಲ್ಲ. ನಿಜವಾಗಿಯೂ ಹೊಟ್ಟೆಕಿಚ್ಚು ಪಟ್ಟಿದ್ದರು. ಅವರ ಪ್ರಕಾರ ಒಳ್ಳೆಯ ಹಾಡು ಅಂದರೆ ರಂಗದ ಮೇಲೆ ನಿಂತು ಹಾಡಬಹುದಾದ ಹಾಡು. ಅಂಥದ್ದು ಪಾಪ್ ಸಂಗೀತದಲ್ಲಿ ಸಿಗೋದು ಅಪರೂಪ. ನಮಗೆ ಮಾತ್ರ ಅದು ಪುಕ್ಕಟೆ ಸಿಕ್ಕಿದೆ ಅಂತ ಅವರ ಲೆಕ್ಕ.

ಅವರು ಹಾಡಿದ್ದು ಸುಮ್ನೆ ಪಾಪ್ ಹಾಡಲ್ಲ ಅಂತ ಆಮೇಲೆ ಗೊತ್ತಾಯಿತು. ಬರೆದವರು ಜಿಮ್ ಸ್ಟೈನ್‌ಮನ್. ಮನುಷ್ಯ ಮೂಲತಃ ನಾಟಕದವರು. ರಕ್ತ ಹೀರುವ ಪಿಶಾಚಿಯ ಪ್ರೇಮಗೀತೆ ಅಂತ ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ಬರೆದಿದ್ದಂತೆ. 1997ರಲ್ಲಿ ವಿಯೆನ್ನಾದಲ್ಲಿ ಅವರದೇ ಸಂಗೀತದ ಪಿಶಾಚಿ ನಾಟಕ ಬಂದಾಗ ಇದೇ ಧಾಟಿ ಅಲ್ಲಿ ಜರ್ಮನ್ ಮಾತು ತೊಟ್ಟು ರಂಗಕ್ಕೆ ಬಂತು. ಮೀಟ್ ಲೋಫ್ ಹಾಡಿದ 'ಬ್ಯಾಟ್ ಔಟ್ ಆಫ್ ಹೆಲ್' ಆಲ್ಬಮ್ಮಿನ ಕಥೆಯೂ ಇದೇ. ಪೀಟರ್ ಪ್ಯಾನ್ ಕಥೆ ಇಟ್ಟುಕೊಂಡು ಸ್ಟೈನ್‌ಮನ್ ಒಂದು ಸಂಗೀತ ನಾಟಕ ಕಟ್ಟುತ್ತಿದ್ದರು. ಅದರ ಕೆಲವು ಹಾಡುಗಳೇ 1977ರಲ್ಲಿ ರಾಕ್ ಹಾಡುಗಳಾಗಿ ಬಂದವು. ಅದಕ್ಕೂ ಮುಂಚೆ 'ಇದೇನಪ್ಪಾ ಇದು' ಅಂತ ಒಂದಾದ ಮೇಲೊಂದು ರೆಕಾರ್ಡ್ ಕಂಪನಿ ಬಾಗಿಲು ಹಾಕಿದ್ದವು. ಕೊನೆಗೆ 2017ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಅವು ನಾಟಕವಾಗಿಯೇ ರಂಗ ಏರಿದವು. ಹಾಡು ಮೊದಲು, ನಾಟಕ ನಲವತ್ತು ವರ್ಷ ಆದಮೇಲೆ!

ಅವತ್ತಿನಿಂದ ನನಗೊಂದು ಚಟ ಹತ್ತಿದೆ. ಯಾವ ಹಾಡು ಕೇಳಿದರೂ ಕೇಳಿಕೊಳ್ಳುತ್ತೇನೆ: ಯಾರು ಹಾಡುತ್ತಿದ್ದಾರೆ, ಯಾರಿಗೆ, ಈಗಲೇ ಯಾಕೆ? ಬಹಳಷ್ಟು ಪಾಪ್ ಹಾಡುಗಳಲ್ಲಿ ಉತ್ತರ ಇರುವುದಿಲ್ಲ. ಒಂದು 'ನಾನು', ಒಂದು 'ನೀನು', ಮುಗೀತು. ಮೊದಲ ಸಾಲಿನಲ್ಲಿ ಇದ್ದ ಮನಸ್ಥಿತಿಯೇ ಕೊನೆಯ ಸಾಲಿನಲ್ಲೂ ಇರುತ್ತದೆ. ನಾಟಕದ ಹಾಡಿಗೆ ಹಾಗಿರಲು ಬಿಡುವಿಲ್ಲ. ಹಾಡು ಶುರುವಾದಾಗ ಇದ್ದ ಮನುಷ್ಯ ಹಾಡು ಮುಗಿಯುವಾಗ ಬೇರೆಯೇ ಆಗಿರಬೇಕು, ಇಲ್ಲದಿದ್ದರೆ ಕಥೆ ಅಲ್ಲೇ ನಿಂತುಬಿಡುತ್ತದೆ.

'ವುದರಿಂಗ್ ಹೈಟ್ಸ್' ತೆಗೆದುಕೊಳ್ಳಿ. 1978ರಲ್ಲಿ ಬಂದಾಗ ಕೇಟ್ ಬುಷ್‌ಗೆ ಹತ್ತೊಂಬತ್ತು ವರ್ಷ. ಎಮಿಲಿ ಬ್ರಾಂಟೆಯ ಅದೇ ಹೆಸರಿನ ಕಾದಂಬರಿ ಓದುವ ಮೊದಲೇ, ಟೀವಿಯಲ್ಲಿ ಅದರ ಕೊನೆಯ ಭಾಗ ನೋಡಿ ಹುಟ್ಟಿದ ಹಾಡು ಅದು. ಹಾಡುತ್ತಿರುವುದು ಕಾದಂಬರಿಯ ನಾಯಕಿ, ಸತ್ತುಹೋದ ಕ್ಯಾಥಿ. ಯಾರಿಗೆ? ಮನೆಯೊಳಗಿರುವ ಅವಳ ಪ್ರೇಮಿ ಹೀತ್‌ಕ್ಲಿಫ್‌ಗೆ. ಯಾಕೆ? ಹೊರಗೆ ಚಳಿ, ಕಿಟಕಿ ತೆಗಿ ಅಂತ. ಆ ಕೀರಲು ದನಿಯನ್ನು ಮೊದಲು ಕೇಳಿದಾಗ ಇದೇನು ಹೀಗೆ ಅಂದುಕೊಂಡಿದ್ದೆ. ದೆವ್ವ ಅಂತ ಗೊತ್ತಾದ ಮೇಲೆ ಬೇರೆ ಯಾವ ದನಿಯೂ ಅದಕ್ಕೆ ಸರಿಹೋಗಲ್ಲ ಅನ್ನಿಸಿತು. ತಾನೇ ಬರೆದ ಹಾಡಿನಿಂದ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದ ಮೊದಲ ಹೆಣ್ಣು ಕೇಟ್ ಬುಷ್. ಈಗಲೂ ಬೇಸಿಗೆಯಲ್ಲಿ ಒಂದು ದಿನ ಜನ ಅವಳ ಹಾಗೆ ಕೆಂಪು ಗೌನು ತೊಟ್ಟು, ಗಡ್ಡದ ಗಂಡಸರೂ ಸೇರಿ, ಪಾರ್ಕುಗಳಲ್ಲಿ ಈ ಹಾಡಿಗೆ ಕುಣಿಯುತ್ತಾರೆ.

ಕ್ವೀನ್ ತಂಡದ 'ಬೊಹೀಮಿಯನ್ ರ‍್ಯಾಪ್ಸೊಡಿ' ನಿಮಗೆ ಗೊತ್ತೇ ಇರುತ್ತದೆ. 1975ರದ್ದು, ಹತ್ತಿರ ಹತ್ತಿರ ಆರು ನಿಮಿಷ, ಪಲ್ಲವಿಯೇ ಇಲ್ಲ. ಕೊಲೆ ಮಾಡಿ ಬಂದ ಹುಡುಗ ಅಮ್ಮನ ಮುಂದೆ ಒಪ್ಪಿಕೊಳ್ಳುತ್ತಾನೆ. ಆಮೇಲೆ ಬಿಡಿ ಅನ್ನುವವರು, ಬಿಡಲ್ಲ ಅನ್ನುವವರು, 'ಬಿಸ್ಮಿಲ್ಲಾ' ಅನ್ನುವವರು ಎಲ್ಲ ಬರುತ್ತಾರೆ. ಕಥೆಯ ಅರ್ಥ ಏನು ಅಂತ ಬರೆದ ಫ್ರೆಡಿ ಮರ್ಕ್ಯುರಿ ಬಿಡಿಸಿ ಹೇಳಲೇ ಇಲ್ಲ. ಫ್ರೆಡಿ ಪಾರ್ಸಿ ಹುಡುಗ, ಹುಟ್ಟುಹೆಸರು ಫರೋಖ್ ಬಲ್ಸಾರಾ, ಓದಿದ್ದು ನಮ್ಮ ಪಂಚಗಣಿಯಲ್ಲಿ. ಯಜಮಾನರಿಗೆ ಇದನ್ನು ಹೇಳಿದಾಗ "ನೋಡಿ, ನಾನು ಹೇಳಲಿಲ್ವಾ?" ಅಂದರು. ವಾದದಲ್ಲಿ ನಾನೇ ಅವರಿಗೆ ಅಂಕ ಕೊಟ್ಟಂತಾಯಿತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅಬ್ಬಾ ತಂಡದ 'ದ ವಿನ್ನರ್ ಟೇಕ್ಸ್ ಇಟ್ ಆಲ್'. 1980. ತಂಡದ ಬಿಯೋರ್ನ್ ಬರೆದರು, ಅವರಿಂದ ಆಗಷ್ಟೇ ದೂರವಾಗಿದ್ದ ಹೆಂಡತಿ ಅಗ್ನೆಥಾ ಹಾಡಿದರು. ಗೆದ್ದವನ ಮುಂದೆ ಸೋತವಳ ಮಾತು, ಬರೆದದ್ದು ಮಾತ್ರ ಗಂಡನೇ. ನಮ್ಮಿಬ್ಬರ ಕಥೆ ಯಥಾವತ್ತಾಗಿ ಇದಲ್ಲ ಅಂತ ಬಿಯೋರ್ನ್ ಹೇಳುತ್ತಲೇ ಬಂದಿದ್ದಾರೆ. ಇರಬಹುದು. ಆದರೂ ಇದಕ್ಕಿಂತ ದೊಡ್ಡ ಸನ್ನಿವೇಶವನ್ನು ಯಾವ ನಾಟಕಕಾರ ಹುಟ್ಟಿಸಿಯಾನು? 1999ರಲ್ಲಿ ಲಂಡನ್ನಿನಲ್ಲಿ ಅಬ್ಬಾ ಹಾಡುಗಳಿಂದಲೇ ಕಟ್ಟಿದ 'ಮಮ್ಮಾ ಮಿಯಾ' ನಾಟಕ ಶುರುವಾದಾಗ ಈ ಹಾಡು ಅಲ್ಲಿ ಒಂದಿಷ್ಟೂ ಹೊಸದಾಗಿ ಹೊಲಿಸಿಕೊಳ್ಳದೆ ಕೂತಿತು.

ನಮ್ಮ ಕಿವಿಗೆ ವಿಚಿತ್ರ ಅನ್ನಿಸುವ ಇನ್ನೊಂದು ಸಂಗತಿ ಇದೆ. ನಮ್ಮ ಕಛೇರಿಗಳಲ್ಲಿ ತಂಬೂರಿ ಒಮ್ಮೆ ಮೀಟಿದ ಮೇಲೆ ಶ್ರುತಿ ಕೊನೆತನಕ ಅಲ್ಲೇ. ಇಲ್ಲಿ ಹಾಗಲ್ಲ. ಹಾಡು ಕೊನೆಗೆ ಬಂದಾಗ ಶ್ರುತಿಯನ್ನೇ ಒಂದು ಮೆಟ್ಟಿಲು ಮೇಲೆತ್ತಿಬಿಡುತ್ತಾರೆ. ಪಾತ್ರ ಏನೋ ತೀರ್ಮಾನ ಮಾಡಿತು ಅಂತ ಲೆಕ್ಕ. 'ಐ ವಿಲ್ ಆಲ್ವೇಸ್ ಲವ್ ಯೂ' ಹಾಡನ್ನು ಡಾಲಿ ಪಾರ್ಟನ್ ಬರೆದು 1974ರಲ್ಲಿ ಹಾಡಿದ್ದು ಮೆಲ್ಲಗೆ, ಪತ್ರ ಬರೆದಿಟ್ಟು ಹೋಗುವ ಹಾಗೆ. ವಿಟ್ನಿ ಹ್ಯೂಸ್ಟನ್ 1992ರಲ್ಲಿ ಹಾಡಿದಾಗ ಮೊದಲು ವಾದ್ಯವೇ ಇಲ್ಲ. ಕೊನೆಯಲ್ಲಿ ಎಲ್ಲ ನಿಲ್ಲುತ್ತದೆ, ಡ್ರಮ್ಮಿಗೆ ಒಂದೇ ಏಟು, ಶ್ರುತಿ ಮೇಲಕ್ಕೆ. ಹಾಡು ಅದೇ, ಒಂದು ಕಾಗದದ ಮೇಲಿದೆ, ಇನ್ನೊಂದು ರಂಗದ ಮೇಲಿದೆ. ಡಾಲಿಯದೇ ಹೆಚ್ಚು ಚೆನ್ನ ಅನ್ನುವವರು ಇಲ್ಲಿ ಬಹಳ ಜನ. ನಾನು ವಿಟ್ನಿ ಪಕ್ಷ.

ಉಲ್ಟಾ ಪ್ರಯಾಣ ಮಾಡಿದ ಹಾಡೂ ಇದೆ. ಲಿವರ್‌ಪೂಲ್ ಫುಟ್‌ಬಾಲ್ ಅಭಿಮಾನಿಗಳು ಆಟಕ್ಕೆ ಮುಂಚೆ ಮಫ್ಲರ್ ಎತ್ತಿ ಹಿಡಿದು ಹಾಡುವ 'ಯೂ ವಿಲ್ ನೆವರ್ ವಾಕ್ ಅಲೋನ್' 1945ರ 'ಕರೌಸೆಲ್' ಎಂಬ ಬ್ರಾಡ್‌ವೇ ನಾಟಕದ್ದು. ಗಂಡ ಸತ್ತ ಹೆಣ್ಣನ್ನು ಸಮಾಧಾನ ಮಾಡುವ ಸನ್ನಿವೇಶ. 1963ರಲ್ಲಿ ಜೆರ‍್ರಿ ಅಂಡ್ ದ ಪೇಸ್‌ಮೇಕರ್ಸ್ ಎಂಬ ಅದೇ ಊರಿನ ತಂಡ ಹಾಡಿ ಗೆಲ್ಲಿಸಿತು. ಈಗ ಸಾವಿರಾರು ಗಂಡಸರು ನಾಟಕದ ಹಾಡು ಹಾಡುತ್ತಾ ಕಣ್ಣೀರು ಹಾಕುತ್ತಾರೆ, ನಾಚಿಕೆ ಇಲ್ಲ.

ನಾಚಿಕೆ ನಮಗೆ ಯಾವಾಗ ಬಂತು ಅಂತ ಯೋಚಿಸುತ್ತಿದ್ದೆ. ಕಂಪನಿ ನಾಟಕದ ಕಾಲದಲ್ಲಿ ಇರಲಿಲ್ಲ. ಹಾರ್ಮೋನಿಯಂ ಮೇಷ್ಟ್ರು ಎದುರಿಗೇ ಕೂತು ಶ್ರುತಿ ಹಿಡಿದರೆ ನಟನೇ ಹಾಡಬೇಕಿತ್ತು. ಜನ 'ಒನ್ಸ್ ಮೋರ್' ಅಂದರೆ ಸತ್ತು ಬಿದ್ದವನೂ ಎದ್ದು ಹಾಡಿ, ಮತ್ತೆ ಸಾಯುತ್ತಿದ್ದ ಅಂತ ಹಿರಿಯರು ಹೇಳುತ್ತಾರೆ. ಗುಬ್ಬಿ ಕಂಪನಿಯಲ್ಲಿ ಪಳಗಿದ ರಾಜಕುಮಾರ್ ಆ ದನಿಯನ್ನೇ ಸಿನಿಮಾಕ್ಕೆ ತಂದರು. ಚಿ. ಉದಯಶಂಕರ್ ಸನ್ನಿವೇಶ ಕೇಳಿಕೊಂಡು ಹಾಡು ಬರೆಯುತ್ತಿದ್ದರು. ಯಾರು, ಯಾರಿಗೆ, ಈಗಲೇ ಯಾಕೆ ಅನ್ನುವುದು ಅವರ ಮೊದಲ ಸಾಲಿನಲ್ಲೇ ಇರುತ್ತಿತ್ತು. ಸಿನಿಮಾ, ನಾಟಕ ಎರಡೂ ಇಲ್ಲದ ಕಡೆ ಸಿ. ಅಶ್ವತ್ಥ್ ಇದ್ದರು. ಷರೀಫರ ತತ್ವಪದವನ್ನು ಅವರು ಹಾಡುವಾಗ ಎದುರಿಗೆ ಯಾರೋ ನಿಂತಿದ್ದಾರೆ, ಇವರು ಅವರ ಜೊತೆ ಜಗಳಕ್ಕೇ ನಿಂತಿದ್ದಾರೆ ಅನ್ನಿಸುತ್ತಿತ್ತು. 'ಸ್ವಲ್ಪ ಜಾಸ್ತಿಯಾಯ್ತು' ಅಂತ ಮೂಗು ಮುರಿದವರೂ ಇದ್ದರು. ಜಾಸ್ತಿ ಆಗಿದ್ದಕ್ಕೇ ಅದು ಕಿವಿಯಲ್ಲಿ ಉಳಿದಿದೆ.

ಯಜಮಾನರು ಹೇಳಿದ ಮಾತು ಹಳೆಯ ಹಾಡುಗಳ ಮಟ್ಟಿಗೆ ಪೂರ್ತಿ ನಿಜ. ಈಗಿನ ಹಾಡುಗಳ ಬಗ್ಗೆ ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಸಿನಿಮಾ ಬರುವ ಮೊದಲೇ ಲಿರಿಕಲ್ ವಿಡಿಯೊ ಬರುತ್ತದೆ, ರೀಲ್ಸಿಗೆ ಬೇಕಾದ ಒಂದು ಸಾಲು ಇರುತ್ತದೆ, ಉಳಿದದ್ದು ಆ ಸಾಲಿಗೆ ಕಾಯುವ ಹೊತ್ತು. ಥಿಯೇಟರಿಗೆ ಹೋದರೆ ಹಾಡು ಶುರುವಾದ ಕೂಡಲೇ ಜನ ಎದ್ದು ಹೊರಗೆ ಹೋಗುತ್ತಾರೆ. ಅವರದೇನು ತಪ್ಪು, ಕಥೆಯೇ ಮೊದಲು ಎದ್ದು ಹೋಗಿರುತ್ತದೆ.

ಅಪವಾದ ಇದ್ದೇ ಇರುತ್ತವೆ, ದೂರದಲ್ಲಿರುವ ನನ್ನ ಕಿವಿಗೆ ಬಿದ್ದಿಲ್ಲ ಅಷ್ಟೇ. ಇತ್ತೀಚಿನ ಕನ್ನಡ ಹಾಡುಗಳಲ್ಲಿ ಯಾರು, ಯಾರಿಗೆ, ಯಾಕೆ ಅನ್ನುವುದಕ್ಕೆ ನೇರ ಉತ್ತರ ಕೊಡುವಂಥದ್ದು ನಿಮಗೆ ಸಿಕ್ಕಿದ್ದರೆ ದಯವಿಟ್ಟು ಬರೆದು ಕಳಿಸಿ. ಮಂಡಿಯೂರಿ ಹಾಡುವಂತಿರಬೇಕು. 'ಬೀಟ್ ಸಕತ್ತಾಗಿದೆ' ಅಂತ ಮಾತ್ರ ಬರೀಬೇಡಿ.