ಎದೆಮಾಂಸದಲ್ಲಿ ಬಿಳಿ ಗೆರೆ

19 ಜುಲೈ 2025, ಶನಿವಾರ
ತೀರ್ಥಹಳ್ಳಿ ಹತ್ತಿರ

ಮಳೆಗಾಲದಲ್ಲಿ ಕೋಳಿಮರಿಗಳು ಕಾಲು ಸೋತು ಕೂತರೆ ನಮ್ಮ ಕಡೆ ಮೊದಲು ಬರುವ ಮಾತು ಕೊಕ್ಕರೆ ರೋಗ, ಅಂದರೆ ರಾಣಿಖೇತ್ ಎಂಬ ವೈರಸ್ ರೋಗ. ಇವತ್ತು ನಮ್ಮ ಪಶು ಆಸ್ಪತ್ರೆಗೆ ಬುಟ್ಟಿ ಹಿಡಿದು ಬಂದ ಅಕ್ಕನೂ ಅದನ್ನೇ ಹೇಳಿದರು. "ಲಸಿಕೆ ಹಾಕ್ಸಿದೀನಿ ಡಾಕ್ಟ್ರೇ, ಆದ್ರೂ ಬಂದ್ಬಿಡ್ತು ನೋಡಿ."

ಬುಟ್ಟಿಯಲ್ಲಿ ನಾಲ್ಕು ವಾರದ ಗಿರಿರಾಜ ತಳಿಯ ಮರಿಗಳಿದ್ದವು. ಕೆಲವು ಸತ್ತಿದ್ದವು. ಉಳಿದವು ಎದ್ದು ನಿಲ್ಲಲು ನೋಡಿ, ಎರಡು ಹೆಜ್ಜೆ ಇಟ್ಟು ಕುಸಿಯುತ್ತಿದ್ದವು. ಆದರೆ ಕಣ್ಣು ಚುರುಕಾಗಿತ್ತು. ಉಸಿರಾಟದಲ್ಲಿ ಗೊರಗೊರ ಇಲ್ಲ, ಹಸಿರು ಭೇದಿ ಇಲ್ಲ. ಕಾಳು ಹಾಕಿದರೆ ಕೂತಲ್ಲಿಂದಲೇ ಕುತ್ತಿಗೆ ಚಾಚಿ ಕುಕ್ಕುತ್ತಿದ್ದವು. ಕೊಕ್ಕರೆ ರೋಗದ ಮರಿಗೆ ಅಷ್ಟು ಹಸಿವು ಎಲ್ಲಿರುತ್ತದೆ? ಬೆರಳು ಒಳಕ್ಕೆ ಮಡಚಿಕೊಂಡಿರಲಿಲ್ಲ, ಹಾಗಾಗಿ ವಿಟಮಿನ್ ಬಿ2 ಕೊರತೆಯ ಅನುಮಾನವೂ ಹೋಯಿತು.

ಸತ್ತ ಮರಿಯನ್ನು ಕೊಯ್ದು ನೋಡಿದೆ. ತೊಡೆಯ ನರ ದಪ್ಪಗಾಗಿರಲಿಲ್ಲ, ಅಂದರೆ ನರಕ್ಕೆ ತಟ್ಟುವ ಮಾರೆಕ್ಸ್ ಎಂಬ ವೈರಸ್ ರೋಗ ಅನ್ನುವಂತಿಲ್ಲ. ಎದೆಯ ಚರ್ಮ ಬಿಡಿಸಿದಾಗ ಉತ್ತರ ಸಿಕ್ಕಿತು. ನಸುಗೆಂಪಗಿರಬೇಕಾದ ಮಾಂಸದಲ್ಲಿ ಎಳೆಯ ಉದ್ದಕ್ಕೂ ಬಿಳಿಬಿಳಿ ಗೆರೆಗಳು. ವಿಟಮಿನ್ ಇ ಕೊರತೆಯಿಂದ ಸ್ನಾಯು ಸಾಯುವಾಗ ಕಾಣುವ ಗುರುತು ಇದು.

ತಿನ್ನಲು ಏನು ಕೊಡುತ್ತೀರಿ ಎಂದು ಕೇಳಿದೆ. ಫೀಡಿನ ಬೆಲೆ ಜಾಸ್ತಿಯಾಯಿತೆಂದು ಮೆಕ್ಕೆಜೋಳ, ನುಚ್ಚು, ಶೇಂಗಾ ಹಿಂಡಿ, ತೌಡು ಎಲ್ಲ ಸೇರಿಸಿ ಮನೆಯಲ್ಲೇ ಕಲಸುತ್ತಾರಂತೆ. ತೌಡು ಮಳೆ ಶುರುವಾಗುವ ಮುಂಚೆ ಗಿರಣಿಯಿಂದ ತಂದಿದ್ದು. ಮರಿಗಳ ಜೊತೆ ಸ್ವಲ್ಪ ಆಹಾರವನ್ನೂ ಕಟ್ಟಿಕೊಂಡು ಬಂದಿದ್ದರು, ಪುಣ್ಯಕ್ಕೆ. ಪೊಟ್ಟಣ ಬಿಚ್ಚಿದರೆ ಕಮಟು ವಾಸನೆ.

ತೌಡಿನಲ್ಲಿ ನೂರಕ್ಕೆ ಸುಮಾರು 15 ಭಾಗ ಎಣ್ಣೆ ಇರುತ್ತದೆ. ಆ ಎಣ್ಣೆಯನ್ನು ಒಡೆಯುವ ಕಿಣ್ವವೂ ತೌಡಿನಲ್ಲೇ ಇದೆ. ಅಕ್ಕಿ ಪಾಲಿಶ್ ಆದ ಕೂಡಲೇ ಅದರ ಕೆಲಸ ಶುರು. ಮಲೆನಾಡಿನ ಜುಲೈ ತೇವ ಸೇರಿದರೆ ಕೇಳುವುದೇ ಬೇಡ. ಎಣ್ಣೆ ಕಮಟಾಗುತ್ತಾ ಹೋದಂತೆ ಆಹಾರದಲ್ಲಿರುವ ವಿಟಮಿನ್ ಇ ಚೀಲದಲ್ಲೇ ಹಾಳಾಗುತ್ತದೆ. ಮರಿಯ ಹೊಟ್ಟೆಗೆ ಹೋಗುವುದು ಕೆಟ್ಟ ಎಣ್ಣೆ ಮಾತ್ರ. ಅದನ್ನು ಎದುರಿಸಲು ಮೈಯಲ್ಲಿ ವಿಟಮಿನ್ ಇ ಇನ್ನೂ ಜಾಸ್ತಿ ಬೇಕು. ಎರಡೂ ಕಡೆಯಿಂದ ಹೊಡೆತ.

ಜೀವಕೋಶದ ಪೊರೆಯಲ್ಲಿರುವ ಕೊಬ್ಬು ಕೆಡದಂತೆ ಕಾಯುವುದು ವಿಟಮಿನ್ ಇ. ಅದಕ್ಕೆ ಜೊತೆಗಾರ ಸೆಲೆನಿಯಂ ಎಂಬ ಖನಿಜ. 1957ರವರೆಗೂ ಸೆಲೆನಿಯಂ ಎಂದರೆ ಬರೀ ವಿಷ ಎಂದೇ ಎಲ್ಲರ ಲೆಕ್ಕ. ಆ ವರ್ಷ ಇಲಿಯ ಯಕೃತ್ತಿಗೆ ಅದು ಬೇಕೇ ಬೇಕು ಎಂದು ಗೊತ್ತಾಯಿತು. ಮರಿಗಳ ಚರ್ಮದ ಕೆಳಗೆ ಹಸಿರು-ನೀಲಿ ನೀರು ತುಂಬುವ ತೊಂದರೆಯನ್ನು ಅದು ತಡೆಯುತ್ತದೆ ಎಂಬುದೂ ಅದೇ ವರ್ಷ ಕಂಡಿತು. ಮೂರನೆಯದು ಗಂಧಕ ಇರುವ ಅಮೈನೋ ಆಮ್ಲಗಳು, ಅಂದರೆ ಮೆಥಿಯೋನಿನ್, ಸಿಸ್ಟೀನ್. ಕೋಳಿಮರಿಯಲ್ಲಿ ವಿಟಮಿನ್ ಇ ಜೊತೆ ಇವೂ ಕಡಿಮೆಯಾದಾಗಲೇ ಎದೆಯ ಸ್ನಾಯು ಹೀಗೆ ಹಾಳಾಗುವುದು. ಶೇಂಗಾ ಹಿಂಡಿಯಲ್ಲಿ ಪ್ರೋಟೀನು ಬೇಕಾದಷ್ಟಿದೆ, ಮೆಥಿಯೋನಿನ್ ಮಾತ್ರ ಕಡಿಮೆ. ಅಕ್ಕನ ಮಿಶ್ರಣದಲ್ಲಿ ಮರಿಯ ಹೊಟ್ಟೆ ತುಂಬುತ್ತಿತ್ತು, ಸ್ನಾಯುವಿಗೆ ಬೇಕಾದ್ದು ಸಿಗುತ್ತಿರಲಿಲ್ಲ.

ಅವರು ಆಂಟಿಬಯೋಟಿಕ್ ಕೊಡಿ ಎಂದರು. ಕೊಡಲಿಲ್ಲ. ಇಲ್ಲಿ ಅದಕ್ಕೆ ಕೆಲಸವೇ ಇಲ್ಲ. ಸುಮ್ನೆ ದುಡ್ಡು ದಂಡ, ಜೊತೆಗೆ ಸಮಯವೂ ಹಾಳು. ಎದ್ದೇಳಲಾಗದ ಮರಿಗಳಿಗೆ ತಲಾ 300 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಘಟಕ) ವಿಟಮಿನ್ ಇ ಬಾಯಿಗೆ ಹಾಕಿದೆ. ಎಲ್ಲ ಮರಿಗಳಿಗೂ ನೀರಿನಲ್ಲಿ ಬೆರೆಸಿ ಕೊಡಲು ವಿಟಮಿನ್ ಇ-ಸೆಲೆನಿಯಂ ದ್ರಾವಣ ಕೊಟ್ಟೆ. ಹಳೇ ಆಹಾರ ಇವತ್ತೇ ನಿಲ್ಲಿಸಿ, ಎಳೆ ಮರಿಗಳಿಗೆಂದೇ ಮಾಡಿದ ಹೊಸ ಸ್ಟಾರ್ಟರ್ ಫೀಡ್ ತನ್ನಿ ಅಂದೆ. ಕುಂಟುವ ಮರಿಗಳನ್ನು ಬೇರೆ ಇಟ್ಟು, ನೀರು-ಕಾಳು ಬಾಯಿಗೆ ಎಟುಕುವಂತೆ ಇಡಬೇಕು. ಎಷ್ಟೋ ಮರಿಗಳು ಈ ರೋಗದಿಂದಲ್ಲ, ನೀರಿನ ತನಕ ಹೋಗಲಾಗದೆ ಸಾಯುತ್ತವೆ. ನನಗೆ ಅತಿ ಸಂಕಟವಾಗುವುದು ಅದೇ.

ಸ್ನಾಯುವಿನ ತೊಂದರೆ ತೀರಾ ಮುಂದುವರಿಯದಿದ್ದರೆ ಮರಿಗಳು ಚೇತರಿಸಿಕೊಳ್ಳುತ್ತವೆ. ಇದೇ ಕೊರತೆ ಕಿರುಮೆದುಳಿಗೆ ತಟ್ಟಿದರೆ ಅಷ್ಟು ಭರವಸೆ ಇಲ್ಲ. ಆಗ ಮರಿ ತಲೆ ಹಿಂದಕ್ಕೆ ಎಳೆದುಕೊಂಡು ಹೊರಳಾಡುತ್ತದೆ. ಇವತ್ತಿನ ಬುಟ್ಟಿಯಲ್ಲಿ ಅಂಥದ್ದು ಒಂದೂ ಇರಲಿಲ್ಲ.

ಹೊರಡುವಾಗ ಅಕ್ಕ ಕೇಳಿದರು, "ಬೇಗ ಹುಷಾರಾಗ್ಲಿ ಅಂತ ಔಷಧಿ ಎರಡು ಪಾಲು ಹಾಕ್ಲಾ?" ಬೇಡವೇ ಬೇಡ ಎಂದು ಗಟ್ಟಿಯಾಗಿ ಹೇಳಿದೆ. ಬ್ರಾಯ್ಲರ್ ಮರಿಗೆ ಬೇಕಾದ ಸೆಲೆನಿಯಂ ಒಂದು ಕಿಲೋ ಆಹಾರಕ್ಕೆ ಬರೀ 0.15 ಮಿಲಿಗ್ರಾಂ. ಅದು 5 ಮಿಲಿಗ್ರಾಂ ಮುಟ್ಟಿದರೆ ವಿಷದ ಲಕ್ಷಣ ಶುರುವಾಗುತ್ತದೆ. ಪಂಜಾಬಿನ ನವಾಂಶಹರ್, ಹೋಶಿಯಾರ್‌ಪುರ ಕಡೆ ಮಣ್ಣಿನಲ್ಲೇ ಸೆಲೆನಿಯಂ ಜಾಸ್ತಿ. ಅಲ್ಲಿನ ಮೇವು ತಿಂದ ದನಗಳ ಗೊರಸು ಕಳಚಿದ್ದುಂಟು. ಇಂಥ ಬಾಟಲಿಯನ್ನು ಅಂಗಡಿಯಲ್ಲಿ ಅಳತೆ ಹೇಳದೆ ಕೈಗೆ ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಮನೆಯಲ್ಲೇ ಆಹಾರ ಕಲಸುವುದನ್ನು ನಾನು ಬೇಡ ಅನ್ನುವುದಿಲ್ಲ. ನಾಲ್ಕು ಕಾಸು ಉಳಿಸಿ ಆ ಮನೆ ನಡೆಯಬೇಕಲ್ವಾ? ಆದರೆ ತೌಡು ವಾರಕ್ಕಾಗುವಷ್ಟೇ ತರಬೇಕು, ಇಲ್ಲವೇ ಎಣ್ಣೆ ತೆಗೆದ ತೌಡು ತರಬೇಕು. ವಿಟಮಿನ್-ಖನಿಜದ ಪುಡಿ, ಮೆಥಿಯೋನಿನ್ ಬಿಡಬಾರದು. ದಿನಾ ಒಂದು ಹಿಡಿ ನುಗ್ಗೆ ಸೊಪ್ಪು ಹಾಕಿದರೂ ಒಳ್ಳೆಯದೇ. ಸೋಮವಾರ ಅವರ ಸ್ವಸಹಾಯ ಸಂಘದ ಸಭೆ ಇದೆ, ಅಲ್ಲಿ ಮರಿ ಸಾಕುವವರು ಇನ್ನೂ ಕೆಲವರಿದ್ದಾರಂತೆ. ಎಲ್ಲರೂ ತಮ್ಮ ಚೀಲದಿಂದ ಒಂದೊಂದು ಹಿಡಿ ಆಹಾರ ತರಲಿ ಎಂದು ಹೇಳಿ ಕಳಿಸಿದ್ದೇನೆ.